ಕೈ ಎತ್ತಿದರೆ ನಿಲ್ಲುವವರು

ಇರ್ಫಾನನ ಮೊಬೈಲ್ ಅಂಗಡಿಗೆ ಚಾರ್ಜರ್ ಕೊಳ್ಳಲು ಹೋಗಿದ್ದೆ. ಡಬ್ಬಿ ಕೈಗೆ ಕೊಡುತ್ತಾ ಅವನು, "ಸಾರ್, ನಮ್ಮ ಭದ್ರಾವತಿ ಅಣ್ಣ ಹೋಗ್ಬಿಟ್ರಂತೆ, ಗೊತ್ತಾ?" ಎಂದ. ಯಾವಾಗ ಎಂದು ಕೇಳಿದೆ. ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿಂದ ಮಾಲು ಕೊಳ್ಳಲು ಬಂದ ಯಾರೋ ಮಾತಿನ ನಡುವೆ ಹೇಳಿದರಂತೆ. ಆಗಲೇ ಕೆಲವು ತಿಂಗಳಾಗಿತ್ತಂತೆ. ನಾನು ಪತ್ರಿಕೆಯಲ್ಲಿ ಕರಡು ತಿದ್ದುವವನು. ಜಿಲ್ಲೆಯಲ್ಲಿ ಸತ್ತವರೆಲ್ಲ ನನ್ನ ಮೇಜು ದಾಟಿಯೇ ಹೋಗಬೇಕು ಎಂಬ ಸಣ್ಣ ಜಂಬ ನನಗಿತ್ತು. ಇವರ ಸುದ್ದಿಯನ್ನು ಪತ್ರಿಕೆಗೆ ತಂದುಕೊಡುವವರೇ ಇರಲಿಲ್ಲ, ನನ್ನ ಮೇಜಿಗೆ ಹೇಗೆ ಬಂದೀತು? ಚಾರ್ಜರನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ಒಳಗೋಡೆ ನೋಡುತ್ತಾ ನಿಂತೆ. ಈಗ ಅಲ್ಲಿ ಮೊಬೈಲ್ ಕವರುಗಳು ನೇತಾಡುತ್ತವೆ. ಹಿಂದೆ ಅಲ್ಲೊಂದು ದೊಡ್ಡ ಟೀವಿ ಇತ್ತು, ಅದರೆದುರು ನಾವಿದ್ದೆವು.

ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯೊಂದರ ಆ ಮಳಿಗೆ ಆಗ ವಿಡಿಯೊ ಗೇಮ್ ಪಾರ್ಲರ್. ತೊಂಬತ್ತರ ದಶಕದ ಕೊನೆಯಲ್ಲಿ ಶಾಲೆಯ ಮಕ್ಕಳನ್ನು ನಂಬಿ ಇರ್ಫಾನ್ ಅದನ್ನು ತೆರೆದಿದ್ದ. ಸೈಬರ್ ಕೆಫೆಗಳು ಬಂದದ್ದೇ ಮಕ್ಕಳು ಆ ಕಡೆ ಹಾರಿದರು. ಉಳಿದದ್ದು ನಾವು. ಮದುವೆಯಾಗದವರು, ಆಗಿದ್ದರೂ ಮನೆಗೆ ಬೇಗ ಹೋಗಲು ಮನಸ್ಸಿಲ್ಲದವರು, ಬೇರೆ ಊರಿಂದ ಬಂದು ರೂಮು ಮಾಡಿಕೊಂಡವರು. ನಾನು ಮೂರನೆಯ ಗುಂಪಿಗೆ ಸೇರಿದವನು. ನನ್ನ ಕೆಲಸ ಶುರುವಾಗುವುದೇ ಸಂಜೆಗೆ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ರೂಮಿನಲ್ಲಿ ಒಬ್ಬನೇ ಫ್ಯಾನು ನೋಡುತ್ತಾ ಮಲಗುವುದು ನನಗೆ ಆಗದ ಕೆಲಸವಾಗಿತ್ತು. ಹಾಗಾಗಿ ಮೂವತ್ತು ದಾಟಿದ ಮೇಲೂ ನಾಚಿಕೆ ಬಿಟ್ಟು ಕಾರಿನ ಆಟ ಆಡಲು ಹೋಗುತ್ತಿದ್ದೆ.

ಅವರು ಭದ್ರಾವತಿಯಿಂದ ಖಾಸಗಿ ಬಸ್ಸಿನಲ್ಲಿ ಬರುತ್ತಿದ್ದರು. ಹಾಗಾಗಿ ನಮಗೆಲ್ಲ ಭದ್ರಾವತಿ ಅಣ್ಣ. ಹೆಸರು ಗೊತ್ತಿತ್ತು, ಕರೆಯುವವರಿರಲಿಲ್ಲ. ನಮ್ಮೆಲ್ಲರಿಗಿಂತ ದೊಡ್ಡವರು, ಐವತ್ತು ದಾಟಿದ್ದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಎಣ್ಣೆ ಹಾಕಿ ಒತ್ತಿ ಬಾಚಿದ ಕೂದಲು, ಯಾವುದೋ ಕಚೇರಿಯಲ್ಲಿ ದೊಡ್ಡ ಸಾಹೇಬರನ್ನು ನೋಡಲು ಹೊರಟವರ ಹಾಗೆ. ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನು ನಡೆಸುತ್ತಿದ್ದವರು. ಸ್ವಯಂ ನಿವೃತ್ತಿ ಬಂದಾಗ ಬಹಳ ಜನರ ಜೊತೆ ಅವರೂ ಹೊರಬಂದಿದ್ದರು. ಹೆಂಡತಿ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಇಷ್ಟು ವಿಷಯ ತಿಳಿಯಲು ನಮಗೆ ವರ್ಷವೇ ಹಿಡಿಯಿತು. ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವರು, ಅದನ್ನೂ ಬೀದಿಗೆ ಕೇಳುವಷ್ಟು ಜೋರಾಗಿ. ಕಾರ್ಖಾನೆಯ ಷೆಡ್ಡಿನ ಗದ್ದಲದಲ್ಲಿ ಕಿವಿ ಅರ್ಧ ಹೋಗಿತ್ತು.

ಮೊದಲ ಸಲ ನೋಡಿದಾಗ ನನಗೆ ಈ ಮನುಷ್ಯ ಇಷ್ಟವಾಗಲಿಲ್ಲ. ಮಾತಾಡುವಾಗ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ನಾನು ಕೈಯನ್ನು ಜೇಬಿಗೆ ಹಾಕಿಕೊಂಡರೆ ಮಾತನ್ನೇ ನಿಲ್ಲಿಸಿಬಿಡುತ್ತಿದ್ದರು. ನನ್ನನ್ನು ಕಳ್ಳ ಅಂದುಕೊಂಡಿದ್ದಾರೇನೋ ಎಂದು ಇರ್ಫಾನನ ಹತ್ತಿರ ಸಿಡಿಮಿಡಿ ಮಾಡಿದ್ದೆ. "ನನ್ನ ಕೈನೂ ಹಂಗೇ ನೋಡ್ತಾರೆ ಸಾರ್, ನಮ್ಮಮ್ಮಂಗೆ ಹೇಳಿದ್ರೆ ದೃಷ್ಟಿ ತಾಗತ್ತೆ ಅಂತ ಉಂಗುರ ಮಾಡಿಸ್ಕೊಡ್ತಾಳೆ," ಎಂದು ನಕ್ಕುಬಿಟ್ಟಿದ್ದ.

ಆದರೆ ಅವರು ಆಡುವುದನ್ನು ನೋಡಿದ ಮೇಲೆ ನನ್ನ ಸಿಟ್ಟು ಇಳಿಯಿತು. ಜೇಬಿನಿಂದ ಕರವಸ್ತ್ರ ತೆಗೆದು ಎರಡೂ ಅಂಗೈ ಒರೆಸಿಕೊಳ್ಳುವರು, ಕರವಸ್ತ್ರವನ್ನು ಮಡಚಿ ತೊಡೆಯ ಮೇಲಿಡುವರು, ಆಮೇಲೆ ಜಾಯ್‌ಸ್ಟಿಕ್ ತೆಗೆದುಕೊಳ್ಳುವರು. ಉಳಿದವರು ಗುಂಡಿಗಳನ್ನು ಕುಟ್ಟುತ್ತಿದ್ದೆವು. ತಿರುವು ಬಂದರೆ ಜಾಯ್‌ಸ್ಟಿಕ್ಕಿನ ಜೊತೆ ನಮ್ಮ ಹೆಗಲು, ಸೊಂಟ, ಕೆಲವರ ನಾಲಿಗೆ ಕೂಡ ತಿರುಗುತ್ತಿತ್ತು. ಅವರಲ್ಲಿ ಹೆಬ್ಬೆರಳು ಬಿಟ್ಟು ಬೇರೇನೂ ಅಲುಗುತ್ತಿರಲಿಲ್ಲ. ಹೆಬ್ಬೆರಳೂ ಅಷ್ಟೇ, ಗುಂಡಿಯನ್ನು ಒತ್ತುತ್ತಿತ್ತೋ ಮುಟ್ಟುತ್ತಿತ್ತೋ ಗೊತ್ತಾಗುತ್ತಿರಲಿಲ್ಲ. ಹಾಗಂತ ಯಾವಾಗಲೂ ಗೆಲ್ಲುತ್ತಿದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ. ವೇಗದಲ್ಲಿ ಹಿಂದೆ. ಖಾಲಿ ರಸ್ತೆಯಲ್ಲೂ ಯಾರಿಗೋ ದಾರಿ ಬಿಡುವವರ ಹಾಗೆ ಓಡಿಸುತ್ತಿದ್ದರು. ಗಾಡಿ ಎಲ್ಲಿಗೂ ಬಡಿಯದೆ ಕೊನೆ ಮುಟ್ಟಿದರೆ ಮೂರನೆಯವರಾದರೂ ಅವರಿಗೆ ಸಮಾಧಾನ. ಗೆರೆ ದಾಟುವ ಮುಂಚೆ ಪ್ರತಿ ಸಲ, "ಇಳಿಸ್ಲಾ?" ಎಂದು ಯಾರನ್ನೋ ಕೇಳುವರು. ಯಾರನ್ನು ಎಂದು ನಾವು ಕೇಳಲಿಲ್ಲ. ಸೋತರೆ ಮಾತ್ರ ಅವರ ಮುಖ ನೋಡುವ ಹಾಗಿರುತ್ತಿರಲಿಲ್ಲ. ದೊಡ್ಡವರು ಎಂಬ ಮರ್ಯಾದೆ ಮರೆತು, "ಅವನ ಜಾಯ್‌ಸ್ಟಿಕ್ ಚೆನ್ನಾಗಿದೆ, ನಂದು ಲಟಾರಿ," ಎಂದು ಚಿಕ್ಕ ಹುಡುಗರ ಹಾಗೆ ತಗಾದೆ ತೆಗೆಯುತ್ತಿದ್ದರು.

ಆಟ ಮುಗಿದ ಮೇಲೆ ಮಂಡಕ್ಕಿ ತಿನ್ನುವುದಿತ್ತು. ಒಂದು ಪೇಪರಿನ ಮೇಲೆ ಎಲ್ಲರದ್ದೂ ಒಟ್ಟಿಗೆ ಸುರಿದುಕೊಂಡು ಸುತ್ತ ಕೂರುತ್ತಿದ್ದೆವು. ಅವರು ಒಂದೊಂದೇ ಕಾಳು ಹೆಕ್ಕಿ ತಿನ್ನುತ್ತಾ, ಯಾರ ಕೈ ಪೇಪರಿನತ್ತ ಬರುತ್ತಿದೆ ಎಂದು ನೋಡಿ ಜಾಗ ಬಿಡುತ್ತಾ, ಎಲ್ಲರ ಮಾತು ಮುಗಿಯುವ ತನಕ ಕೂತಿರುತ್ತಿದ್ದರು. ಅಷ್ಟು ಜೋರಾದ ಗಂಟಲಿದ್ದೂ ಆ ಹೊತ್ತಿನಲ್ಲಿ ಅವರು ಏನೂ ಹೇಳುತ್ತಿರಲಿಲ್ಲ. ಕಡೆಯ ಬಸ್ಸಲ್ಲ, ಅದರ ಹಿಂದಿನದಕ್ಕೆ ಹೊರಡುವರು. ಹೊರಡುವಾಗ, "ಮುಂದಿನ ಶನಿವಾರ ಇದೆಯಲ್ಲ?" ಎಂದು ಕೇಳುವರು. ಶನಿವಾರ ಎಲ್ಲಿಗೆ ಹೋಗುತ್ತದೆ ಅಣ್ಣ, ಇದ್ದೇ ಇರುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವರು ಕೇಳುತ್ತಿದ್ದದ್ದು ವಾರದ ಲೆಕ್ಕವಲ್ಲ ಎಂಬುದು ನಮಗೆ ಗೊತ್ತಿತ್ತು. ಆರು ದಿನ ಅವರು ಯಾರೊಡನೆಯೂ ಕೂತು ತಿನ್ನುತ್ತಿರಲಿಲ್ಲ.

ಒಂದು ಸಲ ಅವರ ಜೊತೆ ಬಸ್ ನಿಲ್ದಾಣದ ಕಡೆ ನಡೆದು ಹೋಗುತ್ತಿದ್ದೆ. ಗೋಪಿ ವೃತ್ತದಲ್ಲಿ ಟ್ರಾಫಿಕ್ ಪೊಲೀಸಿನವನು ಲಾರಿಯೊಂದಕ್ಕೆ ಎರಡೂ ಕೈ ಎತ್ತಿ ತೋರಿಸಿದ. ಲಾರಿ ನಿಂತಿತು. ಫುಟ್‌ಪಾತಿನ ಮೇಲೆ ನಡೆಯುತ್ತಿದ್ದ ಇವರೂ ನಿಂತರು. ಪೊಲೀಸಿನವನು ಕೈ ಇಳಿಸಿದ ಮೇಲೇ ಹೆಜ್ಜೆ ಕಿತ್ತರು. "ಅಣ್ಣ, ಅವನು ಹೇಳಿದ್ದು ಲಾರಿಗೆ," ಎಂದೆ. "ಹೌದು ಮಾರಾಯ್ರೆ, ಗೊತ್ತಾಯ್ತು," ಎಂದು ನಾಚಿಕೊಂಡು ಬೇಗ ಬೇಗ ನಡೆದರು. ನಾನು ಅದನ್ನು ವಯಸ್ಸಿನ ಖಾತೆಗೆ ಹಾಕಿ ಮರೆತೆ.

ಹೊಸ ಯಂತ್ರ ಬಂದದ್ದು ಎರಡು ಸಾವಿರದ ದಶಕ ಮುಗಿಯುತ್ತಾ ಬಂದಾಗ. ಇರ್ಫಾನನ ಚಿಕ್ಕಪ್ಪ ದುಬೈಯಿಂದ ಬರುವಾಗ ತಂದುಕೊಟ್ಟ. ಅದರ ರಿಮೋಟು ಹಿಡಿದು ಕೈ ಬೀಸಿದರೆ ಟೀವಿಯೊಳಗಿನವನೂ ಕೈ ಬೀಸುತ್ತಾನೆ. ಟೆನಿಸ್ ಅಂದರೆ ನಿಜವಾಗಿ ಬ್ಯಾಟು ಬೀಸಿದ ಹಾಗೆ ಬೀಸಬೇಕು. ಕಾರಿನ ಆಟಕ್ಕೆ ಬಿಳಿ ಪ್ಲಾಸ್ಟಿಕ್ಕಿನ ಒಂದು ಸ್ಟೀರಿಂಗ್. ಅದರ ನಡುವೆ ರಿಮೋಟು ಸಿಕ್ಕಿಸಿ ಗಾಳಿಯಲ್ಲೇ ತಿರುಗಿಸಬೇಕು. ಬೇಡವೆನ್ನುವವರು ಹಳೆಯ ಮಾದರಿಯ ಜಾಯ್‌ಸ್ಟಿಕ್ಕನ್ನೂ ಅದಕ್ಕೆ ಜೋಡಿಸಿಕೊಂಡು ಅದೇ ಪಂದ್ಯ ಆಡಬಹುದಿತ್ತು. ನಾನು ಮೊದಲ ದಿನವೇ ಟೆನಿಸ್ ಆಡಲು ಹೋಗಿ ಟ್ಯೂಬ್‌ಲೈಟಿಗೆ ಬಾರಿಸಿದೆ. ಗಾಜಿನ ಚೂರು ಗುಡಿಸುತ್ತಾ ಜಾಯ್‌ಸ್ಟಿಕ್ ಪಕ್ಷ ಸೇರಿದೆ.

ಬೀಸುವ ಪಕ್ಷದ ನಾಯಕ ನಾಗರಾಜ. ಅಡಿಕೆ ಮಂಡಿಯಲ್ಲಿ ಗುಮಾಸ್ತ, ಜೋರು ಬಾಯಿ, ಒಳ್ಳೆಯ ಮನಸ್ಸು. ವಾರವಿಡೀ ಚಕ್ಕಳಮಕ್ಕಳ ಹಾಕಿ ಕೂತು ಬರೆಯುವವನಿಗೆ ಎದ್ದು ನಿಂತು ಕೈಕಾಲು ಆಡಿಸುವ ಆಟ ಸಿಕ್ಕಿದ್ದು ಹಬ್ಬವಾಗಿತ್ತು. ಅವನಿಗೂ ಭದ್ರಾವತಿ ಅಣ್ಣನಿಗೂ ಮೊದಲ ಶನಿವಾರದಿಂದಲೇ ಜಗಳ ಹತ್ತಿಕೊಂಡಿತು.

"ಆಟ ಅಂದ್ರೆ ಮೈ ಬೆವರಬೇಕು ಅಣ್ಣ. ಹೆಬ್ಬೆಟ್ಟು ಒತ್ಕೊಂಡು ಕೂರೋಕೆ ಇದೇನು ಸೊಸೈಟಿ ಸಾಲನಾ?"

"ಬೆವರಬೇಕಾ? ಸ್ಟೇಡಿಯಂಗೆ ಹೋಗಿ ನಾಲ್ಕು ಸುತ್ತು ಓಡು. ಇಲ್ಲಿ ಎಂತಕ್ಕೆ ಬರ್ತೀಯ?"

"ಇದು ನಿಜವಾದ ಸ್ಟೀರಿಂಗ್ ಇದ್ದಂಗೇ ಅಲ್ವಾ? ನಿಮ್ದು ಎಂತದು? ಗುಂಡಿ ಒತ್ತಿ ಕಾರು ಓಡ್ಸೋರನ್ನ ಎಲ್ಲಾದ್ರೂ ನೋಡಿದೀರಾ?"

"ನಿನ್ನ ಸ್ಟೀರಿಂಗ್ ಕೆಳಗೆ ಏನಿದೆ ಹೇಳು."

"ಏನಿದೆ? ಏನಿಲ್ಲ."

"ಅಷ್ಟೇ ಮತ್ತೆ. ಬರೀ ಗಾಳಿ. ಕೈಗೆ ಒಂದು ಎದುರು ಬೇಕು ಕಣಪ್ಪಾ. ನಾನಿಷ್ಟು ತಳ್ಳಿದ್ರೆ ಅದು ಅಷ್ಟು ತಡೀಬೇಕು. ಆಗ ಎಷ್ಟಕ್ಕೆ ನಿಲ್ಲಿಸ್ಬೇಕು ಅಂತ ಕೈಗೆ ತಾನಾಗೇ ಗೊತ್ತಾಗತ್ತೆ. ಗಾಳೀಲಿ ಕೈ ಆಡ್ಸೋನಿಗೆ ನಿಲ್ಸೋದು ಎಲ್ಲಿ ಗೊತ್ತಾಗತ್ತೆ?"

ಈ ವಾದ ಎಷ್ಟು ಶನಿವಾರ ನಡೆಯಿತೋ. ಎರಡೂ ಪಕ್ಷದಲ್ಲಿ ಸತ್ಯವಿತ್ತು, ಎರಡೂ ಪಕ್ಷದಲ್ಲಿ ಹಟವಿತ್ತು. ಯಾವುದೋ ದಿನ ಭದ್ರಾವತಿ ಅಣ್ಣ ಮಂಡಕ್ಕಿಯ ಪೇಪರನ್ನೇ ತಮ್ಮ ಕಡೆಗೆ ಎಳೆದುಕೊಂಡು, "ಬೀಸೋರಿಗೆ ಇಲ್ಲ," ಎಂದದ್ದೂ ಉಂಟು. ನಾಗರಾಜ ಎರಡೂ ಕೈಯಲ್ಲಿ ಬಾಚಿ ತಿಂದ. ನಮಗೆ ಆ ಜಗಳ ಆಟಕ್ಕಿಂತ ಹೆಚ್ಚು ರುಚಿಯಾಗಿತ್ತು. ಅವರಿಗೂ ಇಷ್ಟವಾಗಿತ್ತು ಎಂದೇ ನನ್ನ ನಂಬಿಕೆ. ಅವರನ್ನು ಎದುರು ಹಾಕಿಕೊಳ್ಳಲು ಒಬ್ಬ ಮನುಷ್ಯ ಇದ್ದನಲ್ಲ.

ಮಾತಿನಲ್ಲಿ ಗೆಲ್ಲುತ್ತಿದ್ದ ಅವರು ಆಟದಲ್ಲಿ ಮಾತ್ರ ಸೋಲತೊಡಗಿದರು. ಸೋಲೆಂದರೆ ವಿಚಿತ್ರ ಸೋಲು. ನಾಗರಾಜ ಪಕ್ಕದಲ್ಲಿ ನಿಂತು ಸ್ಟೀರಿಂಗ್ ತಿರುಗಿಸುತ್ತಿದ್ದರೆ ಇವರ ಕಣ್ಣು ಟೀವಿ ಬಿಟ್ಟು ಅವನ ಕೈಯ ಕಡೆ ಓಡುವುದು. ಅವನು ಖುಷಿಯಲ್ಲಿ ಸ್ಟೀರಿಂಗ್ ಸಮೇತ ಎರಡೂ ಕೈ ಮೇಲೆತ್ತಿ ಕೂಗಿದನೋ, ಇವರ ಹೆಬ್ಬೆರಳು ಗುಂಡಿಯಿಂದ ಮೇಲೇಳುವುದು. ಗಾಡಿ ನಟ್ಟನಡು ರಸ್ತೆಯಲ್ಲಿ ನಿಂತುಬಿಡುವುದು. ಹಿಂದಿನ ಗಾಡಿಗಳೆಲ್ಲ ದಾಟಿಹೋದ ಮೇಲೆ ಎಚ್ಚರವಾದವರ ಹಾಗೆ ಮತ್ತೆ ಹೊರಡುವರು.

ಇದನ್ನು ನಾಗರಾಜ ಬೇಗ ಕಂಡುಕೊಂಡ. ಆಮೇಲೆ ಬೇಕೆಂದೇ ಎತ್ತತೊಡಗಿದ. ಇವರ ಗಾಡಿ ಮುಂದಿದ್ದಾಗ, ಇನ್ನೇನು ಗೆರೆ ದಾಟಬೇಕು ಅನ್ನುವಾಗ, "ಹೋ!" ಎಂದು ಎರಡೂ ಕೈ ಮೇಲೆ. ಇವರು ನಿಂತರು. ಅಂಗಡಿಯೆಲ್ಲ ನಗು. ನಾನೂ ನಕ್ಕಿದ್ದೇನೆ. ಶರಣಾದರು, ಶರಣಾದರು ಎಂದು ಇರ್ಫಾನ್ ಮೇಜು ಬಡಿಯುವನು.

ಒಂದು ಶನಿವಾರ ಹೀಗೇ ಮೇಲಿಂದ ಮೇಲೆ ಆಯಿತು. ಭದ್ರಾವತಿ ಅಣ್ಣ ಜಾಯ್‌ಸ್ಟಿಕ್ ಕೆಳಗಿಟ್ಟು ಎದ್ದು ನಿಂತರು. ಮುಖ ಕೆಂಪಾಗಿತ್ತು. ಹೊಡೆಯುತ್ತಾರೆ ಎಂದೇ ಅಂದುಕೊಂಡೆ.

"ನಿನಗೆ ತಮಾಷೆ. ನಮ್ಮ ಷೆಡ್ಡಲ್ಲಿ ಎರಡೂ ಕೈ ಎತ್ತಿದ್ರೆ ಏನು ಗೊತ್ತಾ? ನಿಲ್ಸು ಅಂತ. ಯಾರೇ ಎತ್ತಲಿ, ಫೋರ್‌ಮನ್ನೇ ಎತ್ತಲಿ, ಕಸ ಗುಡ್ಸೋನೇ ಎತ್ತಲಿ, ಮೇಲೆ ಕ್ಯಾಬಿನ್ನಲ್ಲಿ ಕೂತೋನು ಯಾಕೆ ಅಂತ ಕೇಳೋ ಹಂಗಿಲ್ಲ. ಮೊದ್ಲು ನಿಲ್ಸೋದು, ಆಮೇಲೆ ನೋಡೋದು. ಯಾಕಂದ್ರೆ ಕೆಳಗೆ ಜನ ಇರ್ತಾರೆ, ನಾನು ಹೊತ್ಕೊಂಡಿರೋ ಬಕೆಟ್ಟಲ್ಲಿ ಕರಗಿದ ಕಬ್ಬಿಣ ಇರತ್ತೆ. ನನ್ನ ಸರ್ವೀಸೆಲ್ಲ ಹಂಗೇ ನಿಲ್ಸಿದೀನಿ. ಈ ಕೈಗೆ ಅದೊಂದೇ ಗೊತ್ತಿರೋದು. ನೀನು ಎತ್ತಿದ್ರೆ ಟೀವಿ ಅಂತ ಗೊತ್ತಿದ್ರೂ ನಿಲ್ಲತ್ತೆ. ನಾನೆಂತ ಮಾಡ್ಲಿ?"

ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಏನು ಗಲಾಟೆ ಎಂದು ಬಾಗಿಲಲ್ಲಿ ಇಣುಕಿ ಹೋದರು. ನಾಗರಾಜನ ಮುಖ ಸಣ್ಣದಾಯಿತು. "ತಪ್ಪಾಯ್ತು ಅಣ್ಣ, ನಂಗೆ ಗೊತ್ತಿರ್ಲಿಲ್ಲ," ಎಂದ. "ಗೊತ್ತಿಲ್ಲದೆ ಎತ್ತಿದ್ರೆ ಪರವಾಗಿಲ್ಲ," ಎಂದು ಅವರು ಕೂತರು. ಮಂಡಕ್ಕಿ ತರಿಸಿದೆವು. ಅವತ್ತು ಯಾರಿಗೂ ಖಾರ ಹತ್ತಲಿಲ್ಲ.

ಮುಂದಿನ ಶನಿವಾರ ಬರುವಷ್ಟರಲ್ಲಿ ನಾಗರಾಜ ಒಂದು ಏರ್ಪಾಡು ಮಾಡಿದ್ದ. ಎಲ್ಲರಿಗಿಂತ ಮುಂದೆ, ಟೀವಿಗೆ ಮೂಗು ತಾಗುವಷ್ಟು ಹತ್ತಿರ, ಒಂದು ಒಳ್ಳೆಯ ಕುರ್ಚಿ ಹಾಕಿಸಿದ್ದ. ತನ್ನ ಮನೆಯಿಂದಲೇ ತಂದ ಕುಷನ್ ಅದರ ಮೇಲೆ. "ಅಣ್ಣ, ನೀವು ಇಲ್ಲಿ ಕೂತ್ಕೊಳ್ಳಿ. ನಾವು ಹಿಂದೆ ನಿಲ್ತೀವಿ. ನಮ್ಮ ಕೈ ನಿಮ್ಗೆ ಕಾಣೋದೇ ಇಲ್ಲ. ಇನ್ನು ನಿಮ್ಮನ್ನ ಯಾರು ಸೋಲಿಸ್ತಾರೆ ನೋಡ್ತೀನಿ." ತಪ್ಪು ಮಾಡಿದವನ ಪೂರ್ತಿ ಪ್ರೀತಿ ಅವನ ಮುಖದಲ್ಲಿತ್ತು. ಅವರು ಕುರ್ಚಿ ನೋಡಿದರು, ನಮ್ಮನ್ನು ನೋಡಿದರು, ಹೋಗಿ ಕೂತರು. ಕರವಸ್ತ್ರ ಮಡಚಿ ತೊಡೆಯ ಮೇಲಿಟ್ಟರು. ಅವತ್ತು ಅವರು ಸೋಲಲೇ ಇಲ್ಲ. ಹಿಂದಿನಿಂದ ನಾವು ಚಪ್ಪಾಳೆ ತಟ್ಟಿದರೆ ಅರ್ಧ ಕಿವಿಗೆ ಅದು ಕೇಳಿತೋ ಇಲ್ಲವೋ. ಅವರ ಬೆನ್ನು, ಎಣ್ಣೆ ಹಚ್ಚಿದ ತಲೆ, ಅದರಾಚೆ ಓಡುವ ಗಾಡಿ, ಇಷ್ಟೇ ನಮಗೆ ಕಾಣುತ್ತಿತ್ತು. ಹೊರಡುವಾಗ ಮುಂದಿನ ಶನಿವಾರದ ಬಗ್ಗೆ ಕೇಳಲಿಲ್ಲ.

ಆ ಶನಿವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಇರ್ಫಾನ್, ಊರಿಗೆ ಹೋಗಿರಬೇಕು ಎಂದು ನಾಗರಾಜ. ಯಾವ ಊರಿಗೆ? ಅವರಿಗೆ ಬೇರೆ ಊರಿದೆಯೆಂದು ನಾವ್ಯಾರೂ ಕೇಳಿರಲಿಲ್ಲ. ಒಂದು ಭಾನುವಾರ ನಾನೇ ಬಸ್ಸು ಹತ್ತಿದೆ. ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸು ಸಾಲುಗಳಲ್ಲಿ ವಿಚಾರಿಸುತ್ತಾ ಹೋದೆ. ಅರ್ಧ ಮನೆಗಳಿಗೆ ಬೀಗ, ಕೆಲವಕ್ಕೆ ಬಾಗಿಲೇ ಇಲ್ಲ. ತಮಿಳಿನಲ್ಲಿ ದಾರಿ ಹೇಳಿದ ಹೆಂಗಸೊಬ್ಬಳು, "ಅವರ ಮನೆಗಾ?" ಎಂದು ಆಶ್ಚರ್ಯಪಟ್ಟಳು.

ಮನೆ ಚೊಕ್ಕಟವಾಗಿತ್ತು. ಒಂದು ಮಂಚ, ಒಂದು ಸ್ಟವ್ವು, ಗೋಡೆಯಲ್ಲಿ ಹೆಂಡತಿಯ ಫೋಟೊ, ಕಿಟಕಿಗೆ ಎದುರಾಗಿ ಒಂದು ಕುರ್ಚಿ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಮಂಚದ ಮೇಲೆ ಕೂತು ನನ್ನ ಕೈ ನೋಡಿದರು. ಅವತ್ತು ನಾನು ಕೈಗಳನ್ನು ಜೇಬಿಗೆ ಹಾಕಲಿಲ್ಲ. ಚಹಾ ಮಾಡಿದರು. ಹಾಲು ಹೆಚ್ಚು, ಸಕ್ಕರೆ ಇನ್ನೂ ಹೆಚ್ಚು.

"ಯಾಕಣ್ಣ ಬರ್ತಾ ಇಲ್ಲ? ಈಗ ಗೆಲ್ತಾ ಇದ್ರಲ್ಲ?"

"ಆ ಕುರ್ಚೀಲಿ ಕೂತ್ರೆ ನೀವ್ಯಾರೂ ಕಾಣಲ್ಲ ಮಾರಾಯ್ರೆ. ಒಬ್ಬನೇ ಕೂತು ಟೀವಿ ನೋಡೋದಾದ್ರೆ ಬಸ್ಸು ಹತ್ತಿ ಶಿವಮೊಗ್ಗದ ತನಕ ಎಂತಕ್ಕೆ ಬರ್ಬೇಕು?"

ನಾನು ಚಹಾ ಕುಡಿದು ಲೋಟ ಕೆಳಗಿಟ್ಟೆ. ಆಮೇಲೆ ಅವರಾಗಿಯೇ ಮಾತಾಡಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಮಾತೆಲ್ಲ ಪಳನಿ ಎಂಬವನ ಬಗ್ಗೆ. ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದವನು ಅವನು. ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ, ಒಂದು ಚೂರು, ಇನ್ನೊಂದು ಚೂರು, ಸಾಕು. ಎಲ್ಲ ಬೆರಳಿನಲ್ಲೇ. ಆ ಗದ್ದಲದಲ್ಲಿ ಬಾಯಿ ಇದ್ದೂ ಪ್ರಯೋಜನವಿಲ್ಲ. ಮೇಲಿನವನು ಉತ್ತರವಾಗಿ ಗಂಟೆ ಬಾರಿಸಬೇಕು. ಕೆಳಗೆ ಕೈ, ಮೇಲೆ ಗಂಟೆ. ಸರ್ವೀಸು ಪೂರ್ತಿ ಇಬ್ಬರೂ ಹೀಗೆ ಮಾತಾಡಿಕೊಂಡರು.

"ಬೈಯೋದೂ ಕೈಯಲ್ಲೇ ಬೈತಿದ್ದ. ಹೆಂಗೆ ಅಂತ ತೋರಿಸ್ಬಾರ್ದು ಬಿಡಿ," ಎಂದು ನಕ್ಕರು. "ಷೆಡ್ಡಿಂದ ಆಚೆ ನಮಗೆ ಮಾತಿರ್ಲಿಲ್ಲ. ಇದೇ ಸಾಲಲ್ಲಿ ಅವನ ಮನೆ. ನಲ್ಲಿ ನೀರಿಗೆ ಅವನ ಹೆಂಡತಿಗೂ ನಮ್ಮನೆಯೋಳಿಗೂ ಜಗಳ ಆಯ್ತು, ಅಲ್ಲಿಂದ ಮಾತು ಬಿಟ್ವಿ. ಬೆಳಿಗ್ಗೆ ಷೆಡ್ಡಿಗೆ ಹೋದ್ರೆ ಅವನ ಕೈ, ನನ್ನ ಗಂಟೆ. ಸಂಜೆ ಬಂದ್ರೆ ಅವನ್ಯಾರೋ ನಾನ್ಯಾರೋ."

ಸ್ವಯಂ ನಿವೃತ್ತಿ ಇಬ್ಬರಿಗೂ ಒಟ್ಟಿಗೇ ಆಯಿತಂತೆ. ಪಳನಿ ಮನೆ ಖಾಲಿ ಮಾಡಿ ಸೇಲಂನಲ್ಲಿದ್ದ ಮಗಳ ಮನೆಗೆ ಹೊರಟ. ಟೆಂಪೋಗೆ ಸಾಮಾನು ತುಂಬಿ ಆಯಿತು. ಇವರು ಕಿಟಕಿಯಲ್ಲಿ ನಿಂತಿದ್ದರು. ಪಳನಿ ಟೆಂಪೋ ಹತ್ತುವ ಮುಂಚೆ ಇತ್ತ ತಿರುಗಿ, ಎದೆಯ ಮುಂದೆ ಎರಡೂ ಕೈಗಳನ್ನು ಒಂದರ ಮೇಲೊಂದು ಅಡ್ಡ ತಂದು ಬಿಡಿಸಿದ. ಕೆಲಸ ಮುಗಿಯಿತು, ಕ್ರೇನು ಜಾಗಕ್ಕೆ ಹೋಗಲಿ ಎನ್ನುವ ಸನ್ನೆ. ಪ್ರತಿ ದಿನ ಷಿಫ್ಟ್ ಮುಗಿದಾಗ ಮಾಡುವಂಥದ್ದು.

"ನೀವೇನು ಮಾಡಿದ್ರಿ?"

"ಎಂತ ಮಾಡೋದು? ಮನೇಲಿ ಗಂಟೆ ಎಲ್ಲಿರತ್ತೆ?"

"ಹೊರಗೆ ಬಂದು ಮಾತಾಡ್ಬೋದಿತ್ತಲ್ಲ ಅಣ್ಣ?"

"ಮಾತಾಡಿದ್ರೆ ನಲ್ಲಿ ಜಗಳ ಮತ್ತೆ ಶುರುವಾಗೋದು," ಎಂದರು. ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. ಲೋಟ ತೆಗೆದುಕೊಂಡು ತೊಳೆಯಲು ಎದ್ದರು. ನೀರಿನ ಸದ್ದಿನ ನಡುವೆ, "ನಾಗರಾಜ ಕೈ ಎತ್ತಿದಾಗ ಸೋಲ್ತಿದ್ದೆ ನಿಜ. ಸಿಟ್ಟೂ ಬರ್ತಿತ್ತು. ಆದ್ರೆ ಕೆಳಗೆ ಯಾರೋ ಇದಾರೆ ಅನ್ಸೋದು," ಎಂದರು. ಕುರ್ಚಿ ತೆಗೆಸಿಬಿಡುತ್ತೇನೆ, ಮೊದಲಿನ ಹಾಗೇ ಪಕ್ಕದಲ್ಲೇ ಕೂತು ಆಡೋಣ, ಶನಿವಾರ ಬರಲೇಬೇಕು ಎಂದು ಹಟ ಹಿಡಿದೆ. ಬರುತ್ತೇನೆ ಎಂದು ಒಪ್ಪಿಕೊಂಡರು. ಬಸ್ಸಿನವರೆಗೂ ಬಂದು ಬಿಟ್ಟು ಹೋದರು.

ನಾನು ಶಿವಮೊಗ್ಗಕ್ಕೆ ಬಂದು ಇರ್ಫಾನನಿಗೂ ನಾಗರಾಜನಿಗೂ ಹೇಳಿದೆ. ಕುರ್ಚಿ ಹೋಯಿತು. ಶನಿವಾರ ಅವರು ಬಂದರು, ಅದೇ ಇಸ್ತ್ರಿಯ ಅಂಗಿ. ಬೆಂಚಿನಲ್ಲಿ ನಮ್ಮ ನಡುವೆ ಕೂತರು. ಬಲಕ್ಕೆ ಸ್ಟೀರಿಂಗ್ ಹಿಡಿದ ನಾಗರಾಜ, ಎಡಕ್ಕೆ ನಾನು. ಆಟ ಶುರುವಾಯಿತು. ಎಲ್ಲ ಮೊದಲಿನ ಹಾಗೇ ಇತ್ತು, ಒಂದನ್ನು ಬಿಟ್ಟು. ನಾಗರಾಜ ನಿಂತು ಆಡುವವನು ಕೂತಿದ್ದ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಸ್ಟೀರಿಂಗನ್ನು ಹೊಟ್ಟೆಯ ಹತ್ತಿರ ಇಟ್ಟುಕೊಂಡು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತವರ ಹಾಗೆ ಮೆಲ್ಲಗೆ ತಿರುಗಿಸುತ್ತಿದ್ದ. ಗೆದ್ದಾಗ ಕೂಗಲಿಲ್ಲ. ನೋಡಿದರೆ ನಾವೆಲ್ಲರೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆವು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ.

ಭದ್ರಾವತಿ ಅಣ್ಣ ಒಂದೆರಡು ಪಂದ್ಯ ಸಹಿಸಿಕೊಂಡರು. ಮೂರನೆಯದು ನಡೆಯುವಾಗ, ಗಾಡಿ ಮುಂದಿರುವಾಗಲೇ, ಟೀವಿಯಿಂದ ಕಣ್ಣು ತೆಗೆದು ನಾಗರಾಜನ ಕೈ ನೋಡಿದರು.

"ಕೈ ಎತ್ತೋ ಮಾರಾಯ."

"ಬೇಡ ಬಿಡಿ ಅಣ್ಣ."

"ಎತ್ತು ಅಂದ್ನಲ್ಲ. ಎತ್ತು."

ನಾಗರಾಜ ನನ್ನ ಕಡೆ ನೋಡಿದ. ಅವನು ಸ್ಟೀರಿಂಗ್ ಸಮೇತ ಎರಡೂ ಕೈಗಳನ್ನು ಮೇಲೆತ್ತಿದ. ಸರಿಯಾಗಿಯೇ ಎತ್ತಿದ, ತಲೆಗಿಂತ ಮೇಲೆ, ಮೊದಲಿನ ಹಾಗೆಯೇ. ಅವರು ಆ ಕೈಗಳನ್ನೇ ನೋಡುತ್ತಿದ್ದರು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಗಾಡಿ ನಿಲ್ಲಲಿಲ್ಲ. ಓಡುತ್ತಲೇ ಹೋಗಿ, ಟೀವಿಯ ಕಡೆ ಅವರು ನೋಡದೆಯೇ, "ಇಳಿಸ್ಲಾ?" ಎಂದು ಯಾರನ್ನೂ ಕೇಳದೆಯೇ, ಗೆರೆ ದಾಟಿತು. ನಮಗೆ ಏನು ತೋಚಿತೋ, ಎಲ್ಲರೂ ಜೋರಾಗಿ ಚಪ್ಪಾಳೆ ಹೊಡೆದೆವು. "ಗೆದ್ರಿ ಅಣ್ಣ, ವಾಸಿ ಆಗ್ಹೋಯ್ತು!" ಎಂದು ಇರ್ಫಾನ್ ಮೇಜು ಬಡಿದ.

ಅವರು ತಮ್ಮ ಹೆಬ್ಬೆರಳನ್ನು ಒಂದು ಗಳಿಗೆ ನೋಡಿದರು. ಜಾಯ್‌ಸ್ಟಿಕ್ಕಿನ ವಯರನ್ನು ಸುತ್ತಿ ಮೇಜಿನ ಮೇಲಿಟ್ಟರು. ಮಂಡಕ್ಕಿ ಬರಲಿ ಅಣ್ಣ ಎಂದರೆ ಬಸ್ಸಿದೆ ಎಂದರು. ಬಾಗಿಲಿನ ತನಕ ಹೋದವರು ನಾಗರಾಜನಿಗೆ, "ಇನ್ನು ನೀನು ಬೇಕಾದಷ್ಟು ಎತ್ತಪ್ಪಾ, ನಾನು ನಿಲ್ಲಲ್ಲ," ಎಂದು ಹೇಳಿ ಮೆಟ್ಟಿಲಿಳಿದರು. ಅವರು ಮತ್ತೆ ಬರಲಿಲ್ಲ.